ಬದುವಿನ ಆಚೆ ಪರ್ಮಿಟ್ ರೂಮು, ಈಚೆ ಖಾನಾವಳಿ

ನನ್ನ ತಟ್ಟೆ ಕರ್ನಾಟಕದಲ್ಲಿತ್ತು, ನೀರಿನ ತಂಬಿಗೆ ಮಹಾರಾಷ್ಟ್ರದಲ್ಲಿತ್ತು. ಕೋಲಾರದಲ್ಲಿರುವ ಅಕ್ಕನಿಗೆ ಫೋನಿನಲ್ಲಿ ಹೀಗೆಂದಾಗ ಅವಳು, "ಏನೋ, ಹಗಲೊತ್ತೇ ಶುರು ಹಚ್ಕೊಂಡಿದೀಯಾ?" ಎಂದು ಗದರಿದಳು. ನಾನು ಕುಡಿದಿರಲಿಲ್ಲ. ಕಾಗವಾಡದ ಹೊರಗೆ ಎರಡು ರಾಜ್ಯಗಳ ನಡುವೆ ಗಡಿಯಾಗಿರುವುದು ಒಂದು ಹೊಲದ ಬದು. ಅದರ ಮೇಲೊಂದು ಬೇವಿನ ಮರ. ಆ ನೆರಳಲ್ಲಿ ಅವತ್ತು ನಾಲ್ಕು ಜನರಿದ್ದೆವು. ಬದುವಿನ ಈಚೆ ಖಾನಾವಳಿ ನಡೆಸುವ ಅಣ್ಣಾಸಾಬರು, ಒಲೆಯ ಮುಂದೆ ಅವರ ಹೆಂಡತಿ ಪದ್ಮಕ್ಕ, ಬದುವಿನ ಆಚೆ ಪ್ಲಾಸ್ಟಿಕ್ ಕುರ್ಚಿ ಒರೆಸುತ್ತಿದ್ದ ಪರ್ಮಿಟ್ ರೂಮಿನ ತಾನಾಜಿ, ಮತ್ತು ಈ ಮೂವರ ಮಾತಿನಲ್ಲಿ ಅರ್ಧ ಹಿಡಿದು ಅರ್ಧ ಬಿಡುತ್ತ ರೊಟ್ಟಿ ಮುರಿಯುತ್ತಿದ್ದ ನಾನು.

"ಯಾವ ಊರ್ರೀ ಸರ?" ಎಂದು ಕೇಳಿದ ತಾನಾಜಿ.

"ಕೋಲಾರ."

"ಬಂಗಾರದ ಊರಲ್ರೀ ಅದು! ಅಣ್ಣಾ, ನೋಡಿಲ್ಲಿ, ಬಂಗಾರ ಬಿಟ್ಟು ಕಬ್ಬಿನ್ಯಾಗ ಬಂದಾರ ಇವರು."

"ಬಾಯಿ ಮುಚ್ಚಲೇ ತಾನ್ಯಾ, ಉಣ್ಣಾವ್ರನ್ನ ಉಣ್ಣಾಕ ಬಿಡು," ಎಂದು ಒಲೆಯ ಹತ್ತಿರದಿಂದ ಪದ್ಮಕ್ಕ ಕೂಗಿದರು. ನನ್ನ ಕಡೆ ತಿರುಗಿ, "ಇನ್ನೊಂದ ಬಿಸಿದು ತೊಗೋರಿ. ಏನ್ ಹಕ್ಕಿ ಉಂಡಂಗ ಉಣ್ಣಾಕತ್ತೀರಿ," ಎಂದು ಕೇಳದೆಯೇ ರೊಟ್ಟಿ ಹಾಕಿದರು.

ನಮ್ಮ ಕಡೆಯವರಿಗೆ ಒಂದಿಷ್ಟು ಬಿಡಿಸಿ ಹೇಳಬೇಕು. ಖಾನಾವಳಿ ಎಂದರೆ ಊಟದ ಮನೆ. ಹೋಟೆಲಿನಲ್ಲಿ ಏನಿದೆ ಎಂದು ಕೇಳುತ್ತೇವೆ. ಇಲ್ಲಿ ಅವರು ಮಾಡಿದ್ದನ್ನು ನಾವು ಉಣ್ಣುತ್ತೇವೆ. ಪರ್ಮಿಟ್ ರೂಮು ಎಂದರೆ ಬಾರು. ಮಹಾರಾಷ್ಟ್ರದಲ್ಲಿ ಬೋರ್ಡಿನ ಮೇಲೆ ಹಾಗೇ ಬರೆದಿರುತ್ತದೆ. ಮೊದಲ ಸಲ ಅದನ್ನು ಓದಿ ಯಾವುದೋ ಸರ್ಕಾರಿ ಕಚೇರಿ ಎಂದುಕೊಂಡು, ಗಡಿ ದಾಟಲು ಇಲ್ಲಿ ಪರವಾನಗಿ ಕೊಡುತ್ತಾರೆಯೇ ಎಂದು ನಾನು ವಿಚಾರಿಸಿದ್ದುಂಟು. ತಾನಾಜಿ ಅದನ್ನು ಊರಿಗೆಲ್ಲ ಹೇಳಿಕೊಂಡು ನಕ್ಕ.

ಕೋಲಾರದಲ್ಲಿ ನನ್ನದು ಕನ್ನಡಕದ ಅಂಗಡಿ. ಹೆಂಡತಿ ಸರೋಜ ನರ್ಸು. ಅವಳಿಗೆ ಈ ಕಡೆಯ ಸರ್ಕಾರಿ ಆಸ್ಪತ್ರೆಗೆ ವರ್ಗವಾದಾಗ, ಇಬ್ಬರೇ ಇರುವವರು ಎರಡು ಮನೆ ಯಾಕೆ ಮಾಡಬೇಕು ಎಂದು ನಾನೂ ಅಂಗಡಿ ಎತ್ತಿ ಬಂದೆ. ಅಥಣಿಯಲ್ಲಿ ಹೊಸ ಅಂಗಡಿ ಇಡುವ ಯೋಚನೆ ಇತ್ತು. ಮಳಿಗೆ ನೋಡಿಟ್ಟ ಹೊತ್ತಿಗೆ ಕೊರೊನಾ ಮತ್ತೆ ಏರಿತು. ಸರೋಜಳನ್ನು ಕೊರೊನಾ ವಾರ್ಡಿಗೆ ಹಾಕಿದರು, ವಾರ್ಡಿನವರಿಗೆಲ್ಲ ಬೇರೆ ಕಡೆ ವಸತಿ ಮಾಡಿದರು. ಗುರುತಿಲ್ಲದ ಊರು ಕಾಗವಾಡದ ಬಾಡಿಗೆ ಮನೆಯಲ್ಲಿ ನಾನೊಬ್ಬನೇ ಉಳಿದೆ. ಅನ್ನಕ್ಕೆ ನೀರೆಷ್ಟು ಎಂದೂ ತಿಳಿಯದವನು.

"ಹೋಟ್ಲಲ್ಲಿ ಒಳಗಡೆ ಮಾತ್ರ ಕೂರ್ಬೇಡಿ," ಎಂದು ಅವಳು ಫೋನಿನಲ್ಲಿ ಹೇಳುತ್ತಿದ್ದಳು. "ಬಯಲಲ್ಲಿ ಎಲ್ಲಾದ್ರೂ ಇದ್ರೆ ನೋಡಿ. ಗಾಳಿ ಆಡೋ ಕಡೆ."

ಗಾಳಿ ಆಡುವ ಕಡೆ ಎಂದರೆ ಅದೇ ಬದು. ಆ ಬೇಸಿಗೆಯಲ್ಲಿ ಅಣ್ಣಾಸಾಬರು ಮೇಜುಗಳನ್ನೆಲ್ಲ ಅಂಗಳಕ್ಕೆ ತಂದು ದೂರ ದೂರ ಹಾಕಿದ್ದರು. ಒಂದು ಪಕ್ಕ ದ್ರಾಕ್ಷಿಯ ಚಪ್ಪರ, ಇನ್ನೊಂದು ಪಕ್ಕ ಕಬ್ಬು. ಸಂಜೆ ನೀರು ಬಿಟ್ಟರೆಂದರೆ ಕಬ್ಬಿನೊಳಗಿಂದ ತಣ್ಣನೆಯ ಗಾಳಿ ಹೊರಡುತ್ತಿತ್ತು. ಬಿಸಿ ಜೋಳದ ರೊಟ್ಟಿ, ಕಡಲೆಹಿಟ್ಟಿನ ಝುಣಕ, ಹಸಿಮೆಣಸಿನಕಾಯಿ ಕುಟ್ಟಿದ ಖರ್ಡಾ, ಮೇಲೆ ಮಜ್ಜಿಗೆ. ಮುದ್ದೆ ನುಂಗಿ ಬೆಳೆದ ಗಂಟಲಿಗೆ ಅಗಿಯುವುದೇ ಒಂದು ಕೆಲಸವಾಗಿತ್ತು. ನಮ್ಮಲ್ಲಿ ಊಟ ಬೇಗ ಮುಗಿಯುತ್ತದೆ, ಮಾತು ಆಮೇಲೆ. ಇಲ್ಲಿ ರೊಟ್ಟಿ ಮುರಿಯುತ್ತ ಮುರಿಯುತ್ತಲೇ ಮಾತು. ಒಂದು ರೊಟ್ಟಿಯಲ್ಲಿ ಇಬ್ಬರು ಮಂತ್ರಿಗಳನ್ನಾದರೂ ಇಳಿಸುತ್ತಾರೆ.

ಅಣ್ಣಾಸಾಬರದು ಜೈನರ ಮನೆ. ಹೊತ್ತು ಮುಳುಗುವ ಮೊದಲೇ ಒಲೆ ಆರುತ್ತದೆ. ಹಾಗಾಗಿ ಐದು ಗಂಟೆಗೇ ಜನ ಉಂಡು ಏಳುತ್ತಿದ್ದರು, ಬಾಯಿ ಒರೆಸಿಕೊಂಡು ಬದು ದಾಟಿ ತಾನಾಜಿಯ ಕಡೆ ಕೂರುತ್ತಿದ್ದರು. ಕೋಲಾರದಲ್ಲಿ ಬಾರು ಎಂದರೆ ಕತ್ತಲೆ, ಪರದೆ, ತಲೆ ತಗ್ಗಿಸಿಕೊಂಡು ನುಗ್ಗಿ ಹಾಗೆಯೇ ಹೊರಬೀಳುವ ಜಾಗ. ಇಲ್ಲಿ ಆಕಾಶದ ಕೆಳಗೆ ಕುರ್ಚಿ ಹಾಕಿ, ದಾರಿಯಲ್ಲಿ ಹೋಗುವ ಸೋದರಮಾವನಿಗೆ "ಬರ್ರಿ ಮಾಮಾ" ಎನ್ನುತ್ತಾರೆ. ಅವರು ಬರುತ್ತಾರೆ ಕೂಡ. ಊರಿಗೆ ಊರೇ ಮುಖ ಮುಚ್ಚಿಕೊಂಡಿದ್ದ ಕಾಲದಲ್ಲಿ ನಾನು ಬಯಲಲ್ಲಿ ಕೂತು ಬಿಯರು ಕುಡಿದೆ. ಸುತ್ತಲಿನ ಕನ್ನಡ ಮರಾಠಿಗೆ ಹೊರಳುತ್ತಿತ್ತು, ಮರಾಠಿ ಮತ್ತೆ ಕನ್ನಡಕ್ಕೆ. ನಾನೂ ಗಡಿಯವನೇ. ನಮ್ಮಜ್ಜಿ ಕನ್ನಡದಲ್ಲಿ ಬೈದು ತೆಲುಗಿನಲ್ಲಿ ಮುದ್ದು ಮಾಡುತ್ತಿದ್ದಳು. ಹಾಗಾಗಿ ಆ ಗದ್ದಲದಲ್ಲಿ ಏನೋ ನನ್ನ ಮನೆಯದೇ ಅನ್ನಿಸುತ್ತಿತ್ತು. ಊರವರು ನನಗೆ "ಚಷ್ಮಾದವರು" ಎಂದು ಹೆಸರಿಟ್ಟರು. ಹೆಸರಿಟ್ಟ ಮೇಲೆ ಮನುಷ್ಯ ಅರ್ಧ ಆ ಊರಿನವನಾಗುತ್ತಾನೆ.

ಪದ್ಮಕ್ಕ ಮಾತ್ರ ಎಂದೂ ಬದು ದಾಟಿರಲಿಲ್ಲ. ತಾನಾಜಿ ಅವರ ಕಣ್ಣ ಮುಂದೆ ಬೆಳೆದವನು, ತಮ್ಮನ ಹಾಗೆ. ಆದರೆ ಅವನು ಹೆಂಡ ಮಾರಲು ಇಟ್ಟ ದಿನದಿಂದ ಅವರ ಕಾಲು ಆ ಹೊಲ ತುಳಿದಿರಲಿಲ್ಲ. ಬೈಯುವುದಿದ್ದರೆ ಈಚೆ ನಿಂತು ಬೈಯುತ್ತಿದ್ದರು.

ಮೊದಲು ಆಚೆ ಕಡೆ ಬಂದ್ ಆಯಿತು. ಮಹಾರಾಷ್ಟ್ರದಲ್ಲಿ ಪರ್ಮಿಟ್ ರೂಮು ಮುಚ್ಚಿಸಿದರು, ನಮ್ಮ ಕಡೆ ಇನ್ನೂ ಮುಚ್ಚಿಸಿರಲಿಲ್ಲ. ತಾನಾಜಿ ಕುರ್ಚಿಗಳನ್ನು ತಲೆಯ ಮೇಲಿಟ್ಟುಕೊಂಡು ಬದು ದಾಟಿಸಿದ. "ಕುರ್ಚಿ ಬರಲಿ, ಬಾಟ್ಲಿ ಬರಬಾರದು," ಎಂದರು ಅಣ್ಣಾಸಾಬರು. ಆಚೆಯ ಗಿರಾಕಿಗಳು ಈಚೆ ಕೂತು ಮುಖ ಸಣ್ಣಗೆ ಮಾಡಿಕೊಂಡು ಮಜ್ಜಿಗೆ ಕುಡಿದರು. ಅಂಗಳ ಹಿಂದೆಂದೂ ಇಲ್ಲದಷ್ಟು ತುಂಬಿತು.

ಆ ದಿನಗಳಲ್ಲೇ ಪದ್ಮಕ್ಕ ಮಗಳ ಮಾತು ತೆಗೆದರು. ಒಬ್ಬಳೇ ಮಗಳು ಸುಜಾತಾ. ನದಿಯ ಆಚೆ, ಮಹಾರಾಷ್ಟ್ರದ ಊರಿಗೆ ಕೊಟ್ಟಿದ್ದಾರೆ. "ಏಳರಾಗ ಅದಾಳ್ರಿ," ಎಂದರು. ಏಳನೇ ತಿಂಗಳಲ್ಲಿ ಕುಬಸ, ಅಂದರೆ ನಮ್ಮ ಸೀಮಂತ. ಅದಾದ ಮೇಲೆ ಚೊಚ್ಚಲ ಹೆರಿಗೆಗೆ ತವರಿಗೆ ಕರೆತರಬೇಕು. ಒಳಕೋಣೆಗೆ ಸುಣ್ಣ ಬಳಿಸಿದ್ದರು. ತೊಟ್ಟಿಲು ಇಳಿಸಿ ಒರೆಸಿದ್ದರು. "ನಾ ಹಡದ ಖೋಲ್ಯಾಗ ಆಕೀನೂ ಹಡೀಲಿ ಅಂತ ಒಂದ ಆಸೆ ನೋಡ್ರಿ. ಮತ್ತ ಬ್ಯಾರೆ ಏನೂ ಬ್ಯಾಡ ನನಗ."

ಅದಾಗಿ ಕೆಲವು ದಿನಕ್ಕೆ ಒಂದು ಸಂಜೆ ಹೋದರೆ ಒಲೆ ಉರಿಯುತ್ತಿರಲಿಲ್ಲ. ಮೇಜುಗಳನ್ನು ತಲೆಕೆಳಗು ಮಾಡಿ ಒಟ್ಟಿದ್ದರು. ಮನೆಯ ಬಾಗಿಲು ಅರ್ಧ ಹಾಕಿತ್ತು. ಈಚೆ ಸರ್ಕಾರ ಇನ್ನೂ ಮುಚ್ಚಲು ಹೇಳಿರಲಿಲ್ಲ. ಬದುವಿನ ಮೇಲೆ ಕೂತಿದ್ದ ತಾನಾಜಿಯನ್ನು ಕೇಳಿದೆ.

"ಹಂಗ ಬಂದ್ ಮಾಡ್ಯಾರ್ರಿ," ಎಂದು ಅತ್ತ ನೋಡಿದ.

"ಯಾರಿಗಾದರೂ ಹುಷಾರಿಲ್ಲವಾ?"

"ಇಲ್ಲ ಇಲ್ಲ. ಚಷ್ಮಾದವರ, ಬ್ಯಾಸರ ಮಾಡ್ಕೋಬ್ಯಾಡ್ರಿ ಮತ್ತ. ಸುಜಾತಾನ ಅತ್ತಿ ಫೋನ್ ಮಾಡಿದ್ಲಂತ. ನಿಮ್ಮ ಅಂಗಳದಾಗ ಹತ್ತೂರ ಮಂದಿ ಉಣ್ಣತಾರ, ಕೊರೊನಾ ವಾರ್ಡಿನ ನರ್ಸಬಾಯಿ ಗಂಡ ದಿನಾ ಬಂದು ಕುಂದರ್ತಾನಂತ, ಬಸರಿದ್ದ ಹುಡುಗೀನ ಅಲ್ಲಿಗೆ ಹೆಂಗ ಕಳಸೂಣು ಅಂದ್ಲಂತ."

"ಅಲ್ಲಿಯವರಿಗೆ ನನ್ನ ವಿಷಯ ಹೇಗೆ ಗೊತ್ತಾಯಿತು?"

"ಸುದ್ದಿಗೆ ಪಾಸ್ ಬೇಕಾಗೂದಿಲ್ರಿ."

ಅವತ್ತು ಬಿಸ್ಕತ್ತು ತಿಂದು ಸರೋಜಳಿಗೆ ಫೋನು ಮಾಡಿದೆ. ನನ್ನ ಹೆಂಡತಿಯ ಮುಖವನ್ನೇ ನಾನು ನೋಡಿಲ್ಲ, ನನ್ನಿಂದ ಯಾರಿಗೆ ಏನು ಬರುತ್ತದೆ ಎಂದು ರೇಗಿದೆ.

"ಅದು ಅವರಿಗೇನು ಗೊತ್ತು?" ಎಂದಳು. "ಆಯಮ್ಮ ಹೇಳಿದ್ರಲ್ಲಿ ತಪ್ಪಿಲ್ಲ ಕಣ್ರೀ. ನಾನಾಗಿದ್ರೂ ಕಳಿಸ್ತಿರ್ಲಿಲ್ಲ. ಮೊನ್ನೆ ನಮ್ಮ ವಾರ್ಡಿಗೆ ಒಬ್ಬಳು, ತುಂಬಿದ ಬಸುರಿ..." ಅಷ್ಟಕ್ಕೇ ನಿಲ್ಲಿಸಿದಳು. ನಾನೂ ಮುಂದೆ ಕೇಳಲಿಲ್ಲ.

ಮರುದಿನ ಅಣ್ಣಾಸಾಬರು ಬೈಕಿನಲ್ಲಿ ಬಂದು ನನ್ನ ಗೇಟಿಗೆ ಡಬ್ಬಿ ನೇತುಹಾಕಿ, ದೂರ ಸರಿದು ನಿಂತರು. ಒಳಗೆ ರೊಟ್ಟಿ, ಪಲ್ಯ, ಖರ್ಡಾ.

"ನಾನು ಬರುವುದಿಲ್ಲ ಅಂತ ಒಂದು ಮಾತು ಹೇಳಿಕಳಿಸಿದ್ದರೆ ಸಾಕಿತ್ತಲ್ಲ," ಎಂದೆ. "ನನ್ನೊಬ್ಬನ ಸಲುವಾಗಿ ಖಾನಾವಳಿ ಯಾಕೆ ಮುಚ್ಚಿದಿರಿ?"

ಅವರು ಹೆಲ್ಮೆಟ್ಟು ತಿರುಗಿಸುತ್ತ ನಿಂತರು. "ನಾನೂ ಅದ ಅಂದೆ ನೋಡ್ರಿ. ಆಕಿ ಒಲ್ಲೆ ಅಂದ್ಲು. ಉಣ್ಣಾಕ ಬಂದ ಮನಶ್ಯಾನ ಬರಬ್ಯಾಡ ಅನ್ನಾಕ ನನ್ನ ಬಾಯಿಲೆ ಆಗೂದಿಲ್ಲ, ಅವ್ರೊಬ್ರಿಗೆ ಇಲ್ಲ ಅನ್ನೂದಕಿಂತ ಎಲ್ಲಾರ್ಗೂ ಇಲ್ಲ ಅನ್ನೂಣು ಅಂತ ಒಲಿಗೆ ನೀರ ಹಾಕಿದ್ಲು."

"ಹಾಗಾದರೆ ಈ ಡಬ್ಬಿ?"

"ಅದ ಖಾನಾವಳಿದ ಅಲ್ರೀ. ಮನೀದ."

ಬೇಡವೆಂದರೆ ಅವರಿಗೆ ನೋವು. ತೆಗೆದುಕೊಂಡರೆ ಆ ಡಬ್ಬಿ ತಿರುಗಿ ಅದೇ ಮನೆಗೆ ಹೋಗುತ್ತದೆ, ಆ ಸುದ್ದಿಯೂ ಪಾಸಿಲ್ಲದೆ ನದಿ ದಾಟುತ್ತದೆ. ರೊಟ್ಟಿಯನ್ನು ನನ್ನ ತಟ್ಟೆಗೆ ಹಾಕಿಕೊಂಡು, ಡಬ್ಬಿಯನ್ನು ನೀರಿನಲ್ಲಿ ಕುದಿಸಿ, ಬಿಸಿಲಿಗಿಟ್ಟು, ಅವರು ತಿರುಗಿ ಬಂದಾಗ ಕೊಟ್ಟೆ. ನಾಳೆಯಿಂದ ತರಬೇಡಿ, ಅಡುಗೆ ಕಲಿತಿದ್ದೇನೆ ಎಂದು ಸುಳ್ಳು ಹೇಳಿದೆ. ಅವರು ನಂಬಿದ ಹಾಗೆ ತಲೆ ಆಡಿಸಿದರು.

ಒಲೆ ಆರಿಸಿದರೂ ಮಗಳು ಬರಲಿಲ್ಲ. ಅಷ್ಟರಲ್ಲಿ ಈಚೆಯೂ ಎಲ್ಲ ಮುಚ್ಚಲು ಆದೇಶ ಬಂತು. ಚೆಕ್‌ಪೋಸ್ಟಿನಲ್ಲಿ ಟೆಸ್ಟಿನ ರಿಪೋರ್ಟು ಇಲ್ಲದೆ ಬಿಡುತ್ತಿರಲಿಲ್ಲ. ನಮ್ಮ ಓಣಿಯಲ್ಲೇ ಕೊರೊನಾ ಬಂದ ಎರಡು ಮನೆಗೆ ಪಟ್ಟಿ ಕಟ್ಟಿದರು. ಮಗಳ ಅತ್ತೆಮನೆಯವರು, ಮೊದಲು ಇದು ಇಳಿಯಲಿ, ಆಮೇಲೆ ನೋಡೋಣ ಎಂದರು. ಹೊಟ್ಟೆಯೊಳಗಿನ ಮಗು ಅದಕ್ಕೆಲ್ಲ ಕಾಯುತ್ತದೆಯೇ? ಕೊನೆಗೆ ಕುಬಸವೊಂದಕ್ಕೆ ಒಪ್ಪಿದರು. ಮನೆಯೊಳಗೆ ಬೇಡ, ಬಯಲಿನಲ್ಲಿ. ಈಚೆ ಬೇಡ, ಆಚೆ. ಆಚೆ ಬಯಲು ಎಂದರೆ ಒಂದೇ ಜಾಗ, ತಾನಾಜಿಯ ಪರ್ಮಿಟ್ ರೂಮಿನ ತೋಟ.

ತಾನಾಜಿ ಬೋರ್ಡಿಗೆ ಗೋಣಿಚೀಲ ಕಟ್ಟಿ ಮುಚ್ಚಿದ. ಬಾಟಲಿಯ ಮುಚ್ಚಳಗಳನ್ನು ಒಂದೊಂದಾಗಿ ಹೆಕ್ಕಿದ. ನೆಲಕ್ಕೆ ಸೆಗಣಿ ಸಾರಿಸಿದ. ಪದ್ಮಕ್ಕ ಹಸಿರು ಸೀರೆ, ಹಸಿರು ಬಳೆ, ಹೋಳಿಗೆಯ ಬುಟ್ಟಿ ಹಿಡಿದು ಬದುವಿನ ಮೇಲೆ ಬಂದು ನಿಂತರು.

"ಬಾರಕ್ಕಾ, ಎಲ್ಲಾ ಸಾರ್ಸೇನಿ. ಇವತ್ತ ಇದು ನಿನ್ನ ಅಂಗಳನ," ಎಂದ ತಾನಾಜಿ.

"ನಿನ್ನ ಅಂಗಳ ತುಳ್ಯೂದಿಲ್ಲ ಅಂದಿದ್ನಲ್ಲೋ," ಎನ್ನುತ್ತಲೇ ಕಾಲಿಟ್ಟರು.

ನಾನು ಈಚೆ ದ್ರಾಕ್ಷಿ ಚಪ್ಪರದ ಹತ್ತಿರ, ದೂರದಲ್ಲಿ ನಿಂತಿದ್ದೆ. ಆಚೆಯವರು ಕಾರಿನಲ್ಲಿ ಬಂದರು. ಸುಜಾತಾ ಇಳಿದು, ಅವ್ವನನ್ನು ಕಂಡು ಎರಡು ಹೆಜ್ಜೆ ಓಡಿದಳು. ಬೀಗತಿ ಅವಳ ರಟ್ಟೆ ಹಿಡಿದರು. ಗಟ್ಟಿಯಾಗಿಯೇನೂ ಅಲ್ಲ. "ಅಲ್ಲೇ ಕುಂಡ್ರವ್ವಾ," ಎಂದು ಮೆತ್ತಗೆ ಹೇಳಿ, ಪದ್ಮಕ್ಕನಿಗೆ ಕೈಮುಗಿದರು. "ತಪ್ಪ ತಿಳ್ಕೋಬ್ಯಾಡ್ರಿ ಬೀಗರ. ನನಗೂ ಅಂಜಿಕಿ."

"ತಪ್ಪೇನೈತ್ರಿ," ಎಂದರು ಪದ್ಮಕ್ಕ.

ಸೀರೆ, ಬಳೆ, ಉಡಿಯಕ್ಕಿ, ಕೊಬ್ಬರಿ ಎಲ್ಲವನ್ನೂ ಮೇಜಿನ ಮೇಲಿಟ್ಟು ಪದ್ಮಕ್ಕ ಹಿಂದೆ ಸರಿದರು. ತವರಿನವರು ತುಂಬಬೇಕಾದ ಉಡಿಯನ್ನು ಅತ್ತೆಯೇ ತುಂಬಿದರು. ಮೊದಲ ತುತ್ತು ತಾಯಿಯ ಕೈಯದು. ಪದ್ಮಕ್ಕ ಹೋಳಿಗೆ ಮುರಿದು ತುಪ್ಪ ಹಚ್ಚಿದರು, ಆಮೇಲೆ ಏನು ಮಾಡಬೇಕೆಂದು ತಿಳಿಯದೆ ಕೈ ಮುಂದೆ ಚಾಚಿಯೇ ನಿಂತರು. ಇಬ್ಬರ ನಡುವೆ ಎರಡು ಮೇಜಿನ ದೂರ. ಸುಜಾತಾ ಅತ್ತೆಯ ಮುಖ ನೋಡಿದಳು. ಅತ್ತೆ ನೆಲ ನೋಡಿದರು. ಯಾರೂ ಯಾರಿಗೂ ಬೇಡ ಅನ್ನಲಿಲ್ಲ. ಪದ್ಮಕ್ಕ ಆ ತುತ್ತನ್ನು ಎಲೆಯ ಮೇಲಿಟ್ಟು, ಎಲೆಯನ್ನು ಮೇಜಿನ ಮೇಲೆ ಮುಂದಕ್ಕೆ ದೂಡಿ, "ತಿನ್ನ ಮಗಳ," ಎಂದರು.

ಸುಜಾತಾ ತಿಂದಳು. ಅಳುತ್ತ ತಿಂದಳು.

ತಿರುಗಿ ಬರುವಾಗ ಪದ್ಮಕ್ಕ ನನ್ನನ್ನು ನೋಡಿದರು. ನನಗೆ ಅಲ್ಲಿಂದ ಓಡಿಹೋಗಬೇಕೆನಿಸಿತು. "ಸರ, ಉಂಡ ಹೋಗ್ರಿ. ಹೋಳಿಗಿ ಅದಾವು," ಎಂದರು.

ಮಳೆ ಹಿಡಿದ ಮೇಲೆ ಹೆರಿಗೆ ಆಚೆಯೇ ಆಯಿತು. ಹೆಣ್ಣು ಮಗು. ಆಸ್ಪತ್ರೆಯಲ್ಲಿ ಹೊರಗಿನವರನ್ನು ಬಿಡುತ್ತಿರಲಿಲ್ಲ, ಪದ್ಮಕ್ಕ ಫೋನಿನಲ್ಲಿ ನೋಡಿದರು. ಸರೋಜ ಮನೆಗೆ ಬಂದಳು, ಸಣ್ಣಗಾಗಿದ್ದಳು. ದೀಪಾವಳಿಗೆ ಕೋಲಾರಕ್ಕೆ ಹೋದರೆ ಅಕ್ಕ ಮುದ್ದೆ ಬಡಿಸಿ, "ಇದೇನೋ, ಮುದ್ದೆ ಅಗೀತಾ ಇದೀಯಾ?" ಎಂದು ಗಾಬರಿಯಾದಳು. ಊರಿಗೇ ವರ್ಗ ಕೇಳಿಕೊಳ್ಳಿ ಎಂದು ಎಲ್ಲರೂ ಒತ್ತಾಯ ಮಾಡಿದರು. ಇಬ್ಬರೂ ಹೂಂ ಅಂದೆವು. ಬಸ್ಸಿನಲ್ಲಿ ತಿರುಗಿ ಬರುವಾಗ ಆ ಮಾತನ್ನು ಇಬ್ಬರೂ ಎತ್ತಲಿಲ್ಲ. ಬೆಳಿಗ್ಗೆ ಕಿಟಕಿಯಲ್ಲಿ ಕಬ್ಬು ಕಂಡಾಗ ಸರೋಜ, "ಬಂದ್ವಿ," ಎಂದಳು. ಅದೇ ಬೆಳಿಗ್ಗೆ ಬಾಗಿಲು ತೆಗೆದ ನೆರೆಮನೆಯವರು, "ಊರಿಗೆ ಹೋಗಿ ಬಂದ್ರೇನ್ರಿ?" ಎಂದು ಕೇಳಿದರು.

ಚಳಿಗಾಲಕ್ಕೆ ದಾರಿ ತೆರೆಯಿತು. ಸುಜಾತಾ ಅತ್ತೆಯ ಜೊತೆ ಮಗುವನ್ನು ಕರೆದುಕೊಂಡು ಎರಡು ದಿನಕ್ಕೆ ಬಂದಳು. ಖಾನಾವಳಿ ಮತ್ತೆ ನಡೆಯುತ್ತಿತ್ತು. ನಾನೂ ಸರೋಜಳೂ ಅಂಗಳದಲ್ಲಿ ಊಟಕ್ಕೆ ಕೂತಿದ್ದೆವು. ಪದ್ಮಕ್ಕ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಮಗುವನ್ನು ಎತ್ತಿಕೊಂಡರು. ಮಗು ಅವರ ಮುಖ ನೋಡಿ ಕಿರುಚಿ ಅತ್ತಿತು. ತಟ್ಟಿದರು, ತೂಗಿದರು, ಬೇವಿನ ಮರದಲ್ಲಿದ್ದ ಕಾಗೆ ತೋರಿಸಿದರು. ಅಳು ನಿಲ್ಲಲಿಲ್ಲ.

"ಹೊಸಾ ಮಂದೀನ ಕಂಡ್ರ ಹಂಗ ಮಾಡ್ತಾಳವ್ವಾ," ಎಂದಳು ಸುಜಾತಾ.

ಪದ್ಮಕ್ಕ ಮಗುವನ್ನು ಬೀಗತಿಯ ಕೈಗೆ ಕೊಟ್ಟರು. ಮಗು ಸುಮ್ಮನಾಯಿತು.