ಪಟ್ಟಿಯಲ್ಲಿ ಇಲ್ಲದ ಗರ

ಮಾವ ರುಶ್ತು ತೀರಿಕೊಂಡ ಏಳನೆಯ ದಿನ ನೆರೆಯವರಿಗೆಲ್ಲ ಹಲ್ವಾ ಹಂಚಿದೆವು. ಎಂಟನೆಯ ದಿನ ಬೆಳಿಗ್ಗೆ ಅತ್ತೆ ನೆಫೀಸೆ ತಲೆವಸ್ತ್ರ ಬಿಗಿದುಕೊಂಡು, ಮಾವನ ಬೀಗದಕೈ ಗೊಂಚಲು ಹಿಡಿದು, ಕಾಫಿಮನೆ ತೆರೆಯಲು ಹೊರಟರು. ನಾನು ನನ್ನ ಮೂರು ತಿಂಗಳ ಮಗು ಡೆಫ್ನೆಗೆ ಹಾಲು ಕುಡಿಸುತ್ತ ಕಿಟಕಿಯಿಂದ ನೋಡಿದೆ. ಐವತ್ತೆಂಟರ ಆ ಹೆಂಗಸಿನ ನಡಿಗೆಗೆ ಓಣಿಯ ಬೆಕ್ಕುಗಳು ದಾರಿ ಬಿಟ್ಟು ಸರಿದವು.

ನಮ್ಮ ಕಡಲೂರು ಆಯ್ವಾಲಿಕ್‌ನ ದೋಣಿಕಟ್ಟೆಯ ಹಿಂದಿನ ಓಣಿಯಲ್ಲಿ ಆರು ಮೇಜಿನ ಅಂಗಡಿ ಅದು. ಹೆಸರಿಗೆ ಕಾಫಿಮನೆ, ಕುಡಿಯುವುದೆಲ್ಲ ಚಹಾ. ಬರುವವರೆಲ್ಲ ಗಂಡಸರು. ಅತ್ತೆ ಮೂವತ್ತು ವರ್ಷ ಒಳಗಿನ ಒಲೆಯ ಹತ್ತಿರ ನಿಂತು ಚಹಾ ಕಾಯಿಸಿದವರು. ಹೊರಗೆ ಎರಡು ದಾಳದ ಕಾಯಿಯಾಟವಾದ ತಾವ್ಲಾದ ಹಲಗೆಯ ಮೇಲೆ ದಾಳ ಬಿದ್ದಾಗ ಆಟಗಾರರು ಕೂಗುವ ಹಳೆಯ ಫಾರಸಿ ಎಣಿಕೆಯೆಲ್ಲ ಅವರ ಕಿವಿಗೆ ಬಾಯಿಪಾಠ. ಆರು-ಐದು ಬಿದ್ದರೆ ಶೇಶ್ ಬೇಶ್, ಎರಡು ದಾಳದಲ್ಲೂ ಒಂದು ಬಿದ್ದರೆ ಹೆಪ್ ಯೆಕ್. ಆದರೆ ಗರ ಬಿದ್ದ ಮೇಲೆ ಯಾವ ಕಾಯಿ ಎಲ್ಲಿಗೆ ಹೋಗಬೇಕು ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ.

ಅದೇ ಈಗ ತೊಡಕಾಯಿತು. ಬೆಳಿಗ್ಗೆ ಒಬ್ಬೊಬ್ಬರೇ ಬರುವವರ ಜೊತೆ ಮಾವ ಒಂದು ಕೈ ಆಡುತ್ತಿದ್ದರು. ಆ ಆಟ ನಡೆಯುವಾಗ ಇನ್ನಿಬ್ಬರು ಬಂದು ನಿಲ್ಲುತ್ತಿದ್ದರು, ಹೀಗೆ ಮೇಜು ತುಂಬುತ್ತಿತ್ತು. ಈಗ ಬಂದವರು ಬಾಗಿಲಲ್ಲಿ ತಲೆ ಹಾಕಿ, ಜೊತೆಗೆ ಕೂರುವವರಿಲ್ಲವೆಂದು ಕಂಡು, ಅತ್ತೆಯ ಆರೋಗ್ಯ ವಿಚಾರಿಸಿ, ಎದುರಿನ ಅಂಗಡಿಗೆ ನಡೆಯುತ್ತಿದ್ದರು. ಕೆಟ್ಟ ಮನಸ್ಸಿನವರೇನಲ್ಲ. ಸಂಕೋಚ, ಅಷ್ಟೇ. ಜಾಗದ ಒಡೆಯ ವೆದಾತ್ ಮಾತ್ರ ಸಂಕೋಚವಿಲ್ಲದೆ ಹೇಳಿ ಹೋಗಿದ್ದ: ಆಲಿವ್ ಕೊಯ್ಲು ಶುರುವಾಗುವವರೆಗೆ ನೋಡುತ್ತೇನೆ, ಆಗಲೂ ಕುರ್ಚಿಗಳು ಹೀಗೇ ಖಾಲಿಯಿದ್ದರೆ ಐಸ್‌ಕ್ರೀಮಿನವರಿಗೆ ಕೊಡುತ್ತೇನೆ ಅಂತ.

ಆ ಸಂಜೆ ಅತ್ತೆ ಮನೆಗೆ ಬಂದವರೇ ಹಲಗೆಯನ್ನು ಅಡುಗೆಮನೆಯ ಮೇಜಿನ ಮೇಲಿಟ್ಟರು.

"ನಿಮ್ಮಣ್ಣನ ಜೊತೆ ಆಡ್ತಿದ್ದೆ ಅಂದಿದ್ಯಲ್ಲ. ನಂಗೂ ಕಲಿಸು ಮಗಳೇ. ಪೂರ್ತಿ ಬೇಡ, ಶುರು ಮಾಡೋದು ಕಲಿಸು. ಮೊದಲ ನಡೇಲೇ ನಗೋ ಹಾಗಾದ್ರೆ ಆಮೇಲೆ ಯಾರೂ ಕೂರಲ್ಲ."

ನನಗೆ ಆಟ ಬರುತ್ತಿತ್ತು, ಕಲಿಸಲು ಬರುತ್ತಿರಲಿಲ್ಲ. ಅಣ್ಣನ ಜೊತೆ ಆಡುವಾಗ ಕೈ ತಾನೇ ಓಡುತ್ತಿತ್ತು. ಹಾಗಾಗಿ ಫೋನಿನಲ್ಲಿ ಹುಡುಕಿದೆ. ಯಾರೋ ಪರದೇಶದವರು ಮೊದಲ ನಡೆಗಳನ್ನು ಚೊಕ್ಕವಾಗಿ ಪಟ್ಟಿ ಮಾಡಿಟ್ಟಿದ್ದರು: ಹದಿನೈದು ಗರ, ಒಂದೊಂದಕ್ಕೂ ಒಂದೊಂದು ನಡೆ. ಡೆಫ್ನೆಯ ಚುಚ್ಚುಮದ್ದಿನ ದಿನಗಳನ್ನು ಬರೆದಿಟ್ಟ ಹಾಳೆಯ ಹಿಂಬದಿಗೆ ಅದನ್ನೆಲ್ಲ ಇಳಿಸಿದೆ. ಎರಡೂ ತಪ್ಪಬಾರದ ಸಂಗತಿಗಳೇ.

ಮೊದಲ ವಾರ ಏನೂ ಅಂಟಲಿಲ್ಲ. ನಾಲ್ಕು-ಎರಡು ಬಿದ್ದರೆ ಎಂಟನೆಯ ಮನೆಯಿಂದ ಒಂದು, ಆರನೆಯ ಮನೆಯಿಂದ ಒಂದು, ಎರಡೂ ನಾಲ್ಕನೆಯ ಮನೆಗೆ ಎಂದು ಓದುತ್ತಿದ್ದೆ. ಅತ್ತೆ ದ್ರಾಕ್ಷಿ ಎಲೆಯೊಳಗೆ ಅನ್ನ ಸುತ್ತುತ್ತ ಅದನ್ನೇ ಹೇಳುತ್ತಿದ್ದರು. ದಾಳ ಹಾಕಿದಾಗ ಕಾಯಿ ಬೇರೆಲ್ಲಿಗೋ ಹೋಗುತ್ತಿತ್ತು. ಒಂದು ಮಧ್ಯಾಹ್ನ ಅವರೇ ಬೇಸತ್ತು, ಎಲ್ಲಿಗೆ ಅಂತ ಬಿಡು, ಯಾಕೆ ಅಂತ ಹೇಳು ಅಂದರು.

ಯಾಕೆ? ನಾನೂ ಯೋಚಿಸಿರಲಿಲ್ಲ. ಹಲಗೆ ನೋಡುತ್ತ ನಿಧಾನವಾಗಿ ಹೇಳಿದೆ. ಎರಡು ಕಾಯಿ ಒಂದೇ ಮನೆಯಲ್ಲಿ ಕೂತರೆ ಅದನ್ನು ನಾವು ಬಾಗಿಲು ಅನ್ನುತ್ತೇವಲ್ಲ, ಅಲ್ಲಿಗೆ ಎದುರಾಳಿ ಬರುವ ಹಾಗಿಲ್ಲ. ಒಂಟಿ ಕಾಯಿಯನ್ನಾದರೆ ಹೊಡೆದು ಹೊರಗೆ ಹಾಕಬಹುದು. ಬಾಗಿಲಿನ ಪಕ್ಕದಲ್ಲೇ ಬಾಗಿಲು ಎದ್ದರೆ ನಮ್ಮ ಅಂಗಳದಲ್ಲಿ ಸಿಕ್ಕಿಕೊಂಡ ಅವನ ಕಾಯಿಗಳು ಆಚೆ ಹೋಗಲು ಒದ್ದಾಡುತ್ತವೆ.

ಅತ್ತೆ ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟರು. ಇಷ್ಟೇ ತಾನೇ ಎಂಬಂಥ ಮುಖ. ಅಲ್ಲಿಂದ ಮುಂದೆ ಹಾಳೆ ನೋಡುವುದು ಕಡಿಮೆಯಾಯಿತು. ಮೂರು-ಒಂದಕ್ಕೆ ಐದನೆಯ ಮನೆಯ ಬಾಗಿಲು. ಅದು ಎಲ್ಲಕ್ಕಿಂತ ಬೆಲೆಯುಳ್ಳದ್ದೆಂದು ಅವರೇ ಕಂಡುಕೊಂಡರು. ಶೇಶ್ ಬೇಶ್ ಬಿದ್ದರೆ ದೂರದ ಮೂಲೆಯಲ್ಲಿರುವ ಒಂದು ಕಾಯಿ ಒಂದೇ ಉಸಿರಿಗೆ ಓಡಿ ಬಂದು ತನ್ನವರನ್ನು ಸೇರಿಕೊಳ್ಳುತ್ತದೆ. ಅದಕ್ಕೆ ಅತ್ತೆ ನಕ್ಕು, ನಮ್ಮ ತುರ್ಗುತ್ ಸಾಲೆ ಬಿಟ್ಟ ಕೂಡಲೇ ಹೀಗೇ ಓಡಿ ಬರುತ್ತಿದ್ದ ಅಂದರು. ತುರ್ಗುತ್ ನನ್ನ ಗಂಡ. ಎರಡು-ಒಂದು ಮಾತ್ರ ಅವರಿಗೆ ಕೊನೆಯವರೆಗೂ ಹಿಡಿಸಲಿಲ್ಲ. ಹಾಳೆಯಲ್ಲಿದ್ದ ನಡೆಯನ್ನು ಮುಖ ಸಿಂಡರಿಸಿಯೇ ಆಡುತ್ತಿದ್ದರು.

ಹದಿನೈದೂ ಗರ ಕೈಗೆ ಬಂದ ಮೇಲೆ, ಒಂದು ಸೋಮವಾರ ಬೆಳಿಗ್ಗೆ ಕಾಫಿಮನೆಗೆ ಹಿಲ್ಮಿ ಮೇಸ್ತ್ರಿ ಬಂದರು. ದೋಣಿಗಳಿಗೆ ಬಣ್ಣ ಬಳಿದೇ ಮುದುಕರಾದವರು. ಅವರು ಕೂತಲ್ಲಿ ಉಳಿದವರು ಕೂರುತ್ತಾರೆ. ಡೆಫ್ನೆಯನ್ನು ಎದೆಗೆ ಕಟ್ಟಿಕೊಂಡು ಪಾಲಕ್ ಸೊಪ್ಪು ತುಂಬಿ ಬೇಯಿಸಿದ ಬೋರೆಕ್ ಕೊಡಲು ನಾನೂ ಅಲ್ಲಿಗೆ ಹೋಗಿದ್ದೆ. ಮೂಲೆಯಲ್ಲಿ ನಿವೃತ್ತ ಅಂಚೆಯವರಿಬ್ಬರು ಪತ್ರಿಕೆ ಹಂಚಿಕೊಂಡು ಓದುತ್ತಿದ್ದರು. ಮೇಸ್ತ್ರಿ ಒಳಗೆ ನೋಡಿ, ಹಿಂದಿರುಗಲು ಹೊರಟರು.

"ಕೂತ್ಕೊಳ್ಳಿ ಮೇಸ್ತ್ರಿ, ನಾನಿದ್ದೀನಿ," ಅಂದರು ಅತ್ತೆ.

"ಅತ್ತಿಗೆ, ಚಹಾ ಕೊಟ್ರೆ ಸಾಕು, ನಿಮ್ಗೆ ಯಾಕೆ ತೊಂದ್ರೆ?"

ಅಷ್ಟರಲ್ಲಿ ಅತ್ತೆ ಹಲಗೆ ಬಿಡಿಸಿ ಕಾಯಿ ಜೋಡಿಸತೊಡಗಿದ್ದರು. ಸತ್ತ ಗೆಳೆಯನ ಹೆಂಡತಿಗೆ ಇಲ್ಲವೆನ್ನಲಾಗದೆ ಮೇಸ್ತ್ರಿ ಕೂತರು. ಇಬ್ಬರೂ ಒಂದೊಂದು ದಾಳ ಹಾಕಿದರು. ಅತ್ತೆಗೆ ಐದು, ಅವರಿಗೆ ಎರಡು. ಮೊದಲ ನಡೆ ಅತ್ತೆಯದು. ಅವರು ಎರಡೂ ದಾಳ ಕೈಗೆತ್ತಿಕೊಂಡು ಹೊಸದಾಗಿ ಎಸೆದರು.

ಒಂದು. ಒಂದು.

ಪಟ್ಟಿಯಲ್ಲಿ ಜೋಡಿ ಗರವೇ ಇರಲಿಲ್ಲ. ಯಾಕಿರಲಿಲ್ಲ ಎಂಬುದೂ ಆ ಗಳಿಗೆಯಲ್ಲೇ ಹೊಳೆಯಿತು. ಆ ಪರದೇಶದವರು ಯಾರು ಮೊದಲೆಂದು ನೋಡಲು ಹಾಕಿದ ಎರಡು ದಾಳವನ್ನೇ ಮೊದಲ ಗರವಾಗಿ ಆಡುತ್ತಾರೆ. ಎರಡೂ ಸಮ ಬಿದ್ದರೆ ಮತ್ತೆ ಹಾಕುತ್ತಾರೆ. ನಮ್ಮಲ್ಲಿ ಗೆದ್ದವರು ಎರಡನ್ನೂ ಹೊಸದಾಗಿ ಎಸೆಯುತ್ತಾರೆ, ಜೋಡಿ ಧಾರಾಳವಾಗಿ ಬೀಳುತ್ತದೆ. ಹುಟ್ಟಿದಾಗಿನಿಂದ ಇದನ್ನೇ ನೋಡುತ್ತ ಬೆಳೆದ ನಾನು, ಕಣ್ಣು ಮುಚ್ಚಿ ನಕಲು ಮಾಡಿದ್ದೆ.

"ಹೆಪ್ ಯೆಕ್," ಅಂದರು ಮೇಸ್ತ್ರಿ, ಸಕ್ಕರೆ ಕಲಕುತ್ತ. "ದಾಳಕ್ಕೂ ನಿಮ್ಮನ್ನ ಕಂಡ್ರೆ ನಾಚಿಕೆ ಅತ್ತಿಗೆ, ಇದಕ್ಕಿಂತ ಸಣ್ಣದು ಬೀಳೋಕೆ ಜಾಗ ಇಲ್ಲ."

ಅಂಚೆಯವರು ಪತ್ರಿಕೆ ಇಳಿಸಿದರು. ಅತ್ತೆ ಒಮ್ಮೆ ನನ್ನತ್ತ ನೋಡಿದರು. ಆಟದ ನಡುವೆ ಹೇಳಿಕೊಡುವಂತಿಲ್ಲ. ನಾನು ಮಗುವಿನ ಟೋಪಿ ಸರಿಮಾಡಿದೆ. ಅವರು ಅಂಗೈಯನ್ನು ಏಪ್ರನ್ನಿಗೆ ಒರೆಸಿಕೊಂಡು, ಜೋಡಿಯಾದರೆ ನಾಲ್ಕು ಹೆಜ್ಜೆ ಎಂದು ತಮಗೆ ತಾವೇ ಗೊಣಗಿ, ಬಹಳ ಹೊತ್ತು ಹಲಗೆ ನೋಡಿದರು. ಆಮೇಲೆ ಆರನೆಯ ಮನೆಯಿಂದ ಎರಡು ಕಾಯಿಯನ್ನು ಐದಕ್ಕೆ ಸರಿಸಿದರು. ಎಂಟರಿಂದ ಎರಡನ್ನು ಏಳಕ್ಕೆ. ಐದು, ಆರು, ಏಳು: ಸಾಲಾಗಿ ಮೂರು ಬಾಗಿಲು.

ಮೇಸ್ತ್ರಿಯ ಚಮಚ ನಿಂತಿತು.

"ಇದನ್ನ ಯಾರು ಹೇಳ್ಕೊಟ್ರು?"

"ಯಾರೂ ಇಲ್ಲ. ಇವಳ ಹಾಳೇಲಿ ಇದು ಇರ್ಲೇ ಇಲ್ಲ," ಅಂದರು ಅತ್ತೆ. "ನಿಮ್ಮ ಸರದಿ ಮೇಸ್ತ್ರಿ. ಚಹಾ ಆರ್ತಿದೆ."

ಆ ಕೈ ಅತ್ತೆ ಗೆದ್ದರು. ಮುಂದಿನವುಗಳಲ್ಲಿ ಹೆಚ್ಚಿನವನ್ನು ಸೋತರು. ಮೊದಲ ನಡೆ ಚೆನ್ನಾಗಿದ್ದರೂ ನಡುವಿನ ಆಟ ಅವರಿಗೆ ಇನ್ನೂ ಬರುತ್ತಿರಲಿಲ್ಲ. ಕೊನೆಗೆ ಮೇಸ್ತ್ರಿ ಗೆದ್ದದ್ದು ಐದು ಕೈ, ಅತ್ತೆ ಎರಡು. ಮೇಸ್ತ್ರಿ ಎದ್ದು, ಹಲಗೆ ಮಡಿಸಿ, ಅತ್ತೆಯ ಕಂಕುಳಿಗೆ ಸಿಕ್ಕಿಸಿದರು.

"ತಗೊಂಡು ಹೋಗಿ, ಕಲ್ತು ಬನ್ನಿ. ನಾಳೆ ಒಂಬತ್ತಕ್ಕೆ ಬರ್ತೀನಿ."

ಸೋತವರಿಗೆ ಮಾಡುವ ಈ ಹಂಗಿಸುವಿಕೆಯನ್ನು ಆ ಅಂಗಡಿಯಲ್ಲಿ ಎಷ್ಟೋ ಗಂಡಸರು ಉಂಡಿದ್ದಾರೆ. ಹೆಂಗಸಿಗೆ ದಕ್ಕಿದ್ದು ಅದೇ ಮೊದಲು. ಅಂಚೆಯವರು ಬಿದ್ದು ಬಿದ್ದು ನಕ್ಕರು. ಅತ್ತೆ ಕಂಕುಳಲ್ಲಿ ಹಲಗೆ ಇಟ್ಟುಕೊಂಡೇ ಲೋಟ ತೊಳೆಯಲು ಹೋದರು. ಮುಖವೆಲ್ಲ ಕೆಂಪಾಗಿತ್ತು, ಅವಮಾನಕ್ಕಲ್ಲ.

ಮರುದಿನ ಒಂಬತ್ತಕ್ಕೆ ಮೇಸ್ತ್ರಿ ಬಂದರು. ಅವರ ಸರದಿ ಮುಗಿಯಲೆಂದು ಅಂಚೆಯವರು ಕಾದರು. ವಾರದೊಳಗೆ ನಾಲ್ಕು ಮೇಜಿನಲ್ಲಿ ದಾಳದ ಸದ್ದು ಕೇಳುತ್ತಿತ್ತು. ನಾನು ಹಾಳೆಗೆ ಆರೂ ಜೋಡಿ ಗರ ಸೇರಿಸಿ ಬರೆದುಕೊಟ್ಟೆ. ಅತ್ತೆ ಓದಿ, ನಾಲ್ಕು ಸರಿ, ಎರಡು ನೋಡೋಣ ಅಂದರು.

ಆಲಿವ್ ಮರಗಳ ಕೆಳಗೆ ಬಲೆ ಹಾಸುವ ಹೊತ್ತಿಗೆ ವೆದಾತ್ ಬಂದ. ಕೂರಲು ಕುರ್ಚಿ ಸಿಗಲಿಲ್ಲ. ಅತ್ತೆ ಆಟದ ನಡುವಿದ್ದರು. ತಲೆ ಎತ್ತದೆಯೇ ಐದು ನಿಮಿಷ ಅಂದರು. ಅವನು ನಿಂತೇ ಚಹಾ ಕುಡಿದ. ಎರಡು ಗರ ನೋಡಿದ ಮೇಲೆ ತಡೆಯಲಾರದೆ, ಅದಲ್ಲ, ಹಿಂದಿನ ಕಾಯಿ ತೆಗೀರಿ ಅಂದ. ಆರು ತಲೆಗಳು ಒಟ್ಟಿಗೆ ಅವನ ಕಡೆ ತಿರುಗಿದವು.

"ಬಾಯಿ ಹಾಕೋ ಹಾಗಿಲ್ಲಪ್ಪ ಇಲ್ಲಿ," ಅಂದರು ಅತ್ತೆ. "ಆಡೋದಿದ್ರೆ ಸಾಲಲ್ಲಿ ನಿಂತ್ಕೋ. ನಿನ್ನ ಮುಂದೆ ಇಬ್ಬರಿದ್ದಾರೆ."

ವೆದಾತ್ ಖಾಲಿ ಲೋಟ ಹಿಡಿದು ಸಾಲಿನಲ್ಲಿ ನಿಂತ. ಐಸ್‌ಕ್ರೀಮಿನ ಮಾತು ಅವನು ಎತ್ತಲಿಲ್ಲ. ಹೋಗುವಾಗ, ಬರುವ ವರ್ಷದ ಕೊಯ್ಲಿನವರೆಗೆ ಬಾಡಿಗೆ ಕಾಗದ ಮಾಡಿ ತರುತ್ತೇನೆ ಎಂದು ನನ್ನ ಹತ್ತಿರ ಹೇಳಿದ, ಅತ್ತೆಗೆ ಪುರುಸೊತ್ತಿರಲಿಲ್ಲವಲ್ಲ.