ಬಂದಗೀಸಾಬ ಕಾಕಾ ಮತ್ತು ಎಡಗಡೆಯ ಸೀಟು

ಸಿಂದಗಿಯ ಬಂದಗೀಸಾಬ ಕಾಕಾನ ಅಂಗಡಿಗೆ ಗಾಡಿಯಲ್ಲಿ ಹಾಡು ಗುಡುಗಿಸುವ ಬೇಸ್ ಡಬ್ಬಿ ಕೂರಿಸಿಕೊಳ್ಳಲು ಹೋಗುವವರು ಒಬ್ಬರೇ ಹೋಗುವ ಹಾಗಿರಲಿಲ್ಲ. ಆ ಗಾಡಿಯಲ್ಲಿ ದಿನವೂ ಯಾರ್ಯಾರು ಕೂರುತ್ತಾರೋ ಅವರನ್ನೆಲ್ಲ ಕರೆದುಕೊಂಡೇ ಹೋಗಬೇಕು. ಅಂಗಡಿಯ ಮುಂದೆ ಬೇವಿನ ನೆರಳಿನಲ್ಲಿ ಪಿಕಪ್ ನಿಂತಿದೆ, ಎರಡೂ ಬಾಗಿಲು ತೆರೆದಿವೆ. ಒಳಗೆ ಗಂಡ, ಹೆಂಡತಿ, ತೊಡೆಯ ಮೇಲೊಂದು ಕೂಸು, ಫೋಟೋ ತೆಗೆಸಿಕೊಳ್ಳುವವರ ಹಾಗೆ ಬಿಗಿಯಾಗಿ ಕುಳಿತಿದ್ದಾರೆ. ಕಾಕಾ ಹೊರಗೆ ಮಂಡಿಯೂರಿ, ರಟ್ಟಿನ ತುಂಡೊಂದನ್ನು ಸೀಟಿನ ಬುಡಕ್ಕೆ ಹಿಡಿದು ಪೆನ್ಸಿಲ್ಲಿನಿಂದ ಗೀರು ಎಳೆಯುತ್ತಿದ್ದಾರೆ. ಇದು ಆ ರಸ್ತೆಯಲ್ಲಿ ನಿತ್ಯ ಕಾಣುವ ದೃಶ್ಯ. ಹೊಸಬರು ನಿಂತು ನೋಡುತ್ತಿದ್ದರು, ಊರಿನವರು ನೋಡದೆ ಹೋಗುತ್ತಿದ್ದರು.

"ಖಾಲಿ ಗಾಡಿ ಅಳತಿ ತಗೊಂಡ್ರ ಏನ್ ಬಂತು? ಗೂಟಕ್ಕ ತೂಗಹಾಕಿದ ಅಂಗಿ ನೋಡಿ ಹೊಲದಂಗ ಆಗ್ತೈತಿ. ಮಂದಿ ಕೂಡ್ಲಿ. ಮಂದಿ ಕೂತ ಮ್ಯಾಲೆ ಎಷ್ಟು ಜಾಗ ಉಳೀತೈತಿ, ಅದು ನಂದು" ಎನ್ನುವುದು ಅವರ ಖಾಯಂ ಮಾತು.

ತೆಳ್ಳಗಿನ ಆಳು. ಕನ್ನಡಕದ ಒಂದು ಕಡ್ಡಿ ಮುರಿದು ಎಷ್ಟೋ ವರ್ಷವಾಗಿತ್ತು, ಅದರ ಜಾಗದಲ್ಲಿ ಸ್ಪೀಕರಿನ ಕೆಂಪು ವೈರು ಕಿವಿಗೆ ಸುತ್ತಿಕೊಂಡಿತ್ತು. ಟೇಪು ಹಿಡಿದದ್ದನ್ನು ನಾನು ನೋಡಿಲ್ಲ. ಗೇಣು, ಬೆರಳು, ರಟ್ಟು ಇಷ್ಟೇ ಅವರ ಲೆಕ್ಕ. ಪ್ಲೈವುಡ್ ಕೊಯ್ದು ಡಬ್ಬಿ ಜೋಡಿಸಿ ಅಂಟು ಹಚ್ಚಿ ಒಣಗಿಸಿದ ಮೇಲೆ ಊದಬತ್ತಿ ಹಚ್ಚುತ್ತಿದ್ದರು. ದೇವರಿಗಲ್ಲ, ಡಬ್ಬಿಗೆ. ಸ್ಪೀಕರಿನ ನಡುಭಾಗವನ್ನು ಮೆಲ್ಲಗೆ ಒತ್ತುತ್ತ ಊದಬತ್ತಿಯನ್ನು ಕೂಡುಗೆರೆಗಳ ಮೇಲೆಲ್ಲ ತಿರುಗಿಸುವುದು. ಹೊಗೆ ಎಲ್ಲಿ ಅಲುಗಿತೋ ಅಲ್ಲಿ ಗಾಳಿ ಸೋರುತ್ತಿದೆ ಎಂದರ್ಥ. "ಸೂಜಿಮೊನಿಯಷ್ಟು ತೂತು ಉಳಿದ್ರ ಸಾಕು, ಬೇಸ್ ಅಲ್ಲಿಂದ ಓಡಿ ಹೋಗ್ತೈತಿ. ಆಮ್ಯಾಲೆ ನೀವು ಡಬ್ಬಿ ದೊಡ್ಡದು ಬೇಕಂತೀರಿ. ದೊಡ್ಡದಲ್ಲರಿ ಬೇಕಾಗಿದ್ದು, ಬಿಗಿಯಾದದ್ದು."

ನಮ್ಮ ಕಡೆಯ ಪಿಕಪ್ಪಿನ ಕ್ಯಾಬಿನ್ ಎಂದರೆ ಏನೆಂದು ಅದರಲ್ಲಿ ದಿನ ಕಳೆದವರಿಗೆ ಗೊತ್ತು. ಸೀಟಿನ ಹಿಂದೆ ಒಂದು ಗೇಣು ಸಂದಿ. ಅದರಲ್ಲಿ ತಾಡಪತ್ರಿ, ಹಗ್ಗ, ಚಾದರ. ಕಾಲ ಬುಡದಲ್ಲಿ ಜಾಕು, ನಟ್ಟು ಬಿಚ್ಚುವ ಪಾನಾ, ನೀರಿನ ಕ್ಯಾನು, ಬುತ್ತಿಗಂಟು. ಇದರ ನಡುವೆ ಎದೆ ಝುಮ್ಮೆನ್ನಿಸುವ ಸಬ್‌ವೂಫರ್ ಬೇರೆ ಬೇಕು ನಮ್ಮ ಮಂದಿಗೆ. ಬೇರೆ ಅಂಗಡಿಯವರು ಸಾಮಾನನ್ನೆಲ್ಲ ಹಿಂದೆ ಲೋಡು ಹೇರುವ ಬಾಡಿಯೊಳಗೆ ಎಸೆದು ಡಬ್ಬಿ ತುರುಕಿ ಕಳಿಸುತ್ತಿದ್ದರು. ಕಾಕಾ ಕೂಡ ಮೊದಲು ಹಾಗೇ ಮಾಡುತ್ತಿದ್ದರಂತೆ. ನಾಲತವಾಡದ ಒಬ್ಬನ ಗಾಡಿಯಲ್ಲಿ ಜಾಕಿಗಾಗಿ ಬಾಡಿಯ ತಳಕ್ಕೆ ಚಂದದ ಪೆಟ್ಟಿಗೆ ಮಾಡಿಕೊಟ್ಟರು. ಅವನು ಅದರ ಮೇಲೆ ಈರುಳ್ಳಿ ಚೀಲ ಹೇರಿಕೊಂಡು ಹೊರಟ, ಮಧ್ಯಾಹ್ನದ ಬಿಸಿಲಿನಲ್ಲಿ ಟಾಯರ್ ಪಂಕ್ಚರ್ ಆಯಿತು. ಜಾಕು ಇದೆ, ಆದರೆ ಲೋಡಿನ ಅಡಿಯಲ್ಲಿದೆ. ಫೋನು ಬಂದಾಗ ಕಾಕಾ ಊಟದ ಮುಂದಿನಿಂದ ಎದ್ದು, ಪಕ್ಕದ ಟಾಯರ್ ಅಂಗಡಿಯ ಜಾಕನ್ನು ಬೈಕಿಗೆ ಕಟ್ಟಿಕೊಂಡು, ತಾಳಿಕೋಟೆ ದಾಟಿ ಹೋಗಿ ತಾವೇ ಟಾಯರ್ ಬದಲಿಸಿ ಬಂದರು. ಈ ಕಥೆಯನ್ನು ಅವರು ಯಾರಿಂದಲೂ ಮುಚ್ಚಿಡಲಿಲ್ಲ. ಗಿರಾಕಿ ಬಂದು ಕೂತೊಡನೆ ತಮ್ಮ ತಪ್ಪನ್ನೇ ಮೊದಲು ಹೇಳಿ ಆಮೇಲೆ ಕೆಲಸಕ್ಕೆ ಕೈ ಹಾಕುತ್ತಿದ್ದರು. ತನ್ನ ತಪ್ಪನ್ನು ಬೋರ್ಡಿನ ಹಾಗೆ ಅಂಗಡಿಯ ಮುಂದಿಟ್ಟುಕೊಂಡ ವ್ಯಾಪಾರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಒಮ್ಮೆ ಬಸವನ ಬಾಗೇವಾಡಿಯಿಂದ ಒಬ್ಬ ಹುಡುಗ ಹೊಸ ಪಿಕಪ್ ತಂದ. ಮುಂದಿನ ತಿಂಗಳು ಲಗ್ನ, ಅಷ್ಟರಲ್ಲಿ ಗಾಡಿ ಗುಡುಗಬೇಕು ಎಂದ. ಕಾಕಾ ಅವನನ್ನು ಮೇಲಿಂದ ಕೆಳಗೆ ನೋಡಿ, "ಲಗ್ನ ಮಾಡ್ಕೊಂಡು ಬಾರಪಾ. ಹುಡುಗಿ ಎಷ್ಟು ಎತ್ತರ ಅದಾಳ ನೋಡಿ ಡಬ್ಬಿ ಮಾಡೂಣು" ಎಂದರು. ಹುಡುಗ ಸಿಟ್ಟಾಗಿ ಹೋದ. ಮದುವೆಯಾದ ವಾರಕ್ಕೇ ಬಂದ, ಪಕ್ಕದಲ್ಲಿ ಅರಿಷಿಣ ಇನ್ನೂ ಆರದ ಮದುಮಗಳು. ಅವಳು ಅವನಿಗಿಂತ ನಾಲ್ಕು ಬೆರಳು ಎತ್ತರವಿದ್ದಳು.

ನನ್ನ ಕಥೆ ಇಷ್ಟು ನಗುವಂಥದ್ದಲ್ಲ.

ನಾನು ಇಂಡಿಯವನು, ನಿಂಬೆಹಣ್ಣಿನ ವ್ಯಾಪಾರ. ತೋಟ ತೋಟ ತಿರುಗಿ ದರ ಮಾತಾಡಿ ಹಣ್ಣು ಹಿಡಿದು ಪೇಟೆಗೆ ಸಾಗಿಸುವುದು. ಹಿಡಿಯುವುದು ಎಂದೆನಲ್ಲ, ನಿಜವಾಗಿ ಹಿಡಿಯುತ್ತಿದ್ದವಳು ನನ್ನ ಹೆಂಡತಿ ಕಸ್ತೂರಿ. ಒಂದು ಹಣ್ಣನ್ನು ಅಂಗೈಯಲ್ಲಿ ಒತ್ತಿ ನೋಡಿ ಇಡೀ ತೋಟದ ರಸ ಎಷ್ಟೆಂದು ಹೇಳಿಬಿಡುತ್ತಾಳೆ. ತೋಟದವರೂ ಅವಳೊಡನೆಯೇ ಮಾತಾಡುವರು, ನಾನು ಬುಟ್ಟಿ ಎತ್ತುವವನು. ಬಾವಿಕಟ್ಟೆಯಿಂದ ಜಾರಿ ಬಿದ್ದು ಅವಳ ಬಲಗಾಲಿಗೆ ರಾಡು ಹಾಕಿದ್ದರು, ಹೆಚ್ಚು ಹೊತ್ತು ಮಡಚಲಾಗದು. ಆದರೂ ಜಾಕಿನ ಮೇಲೆ ಕಾಲಿಟ್ಟುಕೊಂಡು, ಅಡ್ಡಡ್ಡ ಕೂತು, ವಾರಕ್ಕೆ ನಾಲ್ಕು ದಿನ ನನ್ನ ಜತೆ ಬರುತ್ತಿದ್ದಳು.

ಝಳಕಿಯ ಚಹಾದಂಗಡಿಯಲ್ಲಿ ಕೂಡುವ ಗಾಡಿಯವರಿಗೆ ಇದು ಒಳ್ಳೆಯ ಮಜಾ. "ಬಂದ್ರು ನೋಡ್ರಿ ಮಾಲಕಿಣಿ, ಡ್ರೈವರ್‌ನೂ ಕರಕೊಂಡು ಬಂದಾರ" ಎನ್ನುವರು. ಎದುರಿಗೆ ನಗುತ್ತಿದ್ದೆ, ಒಳಗೆ ಉರಿಯುತ್ತಿತ್ತು. ಅವರ ಗಾಡಿಗಳಲ್ಲೆಲ್ಲ ಡಬ್ಬಿ ಗುಡುಗುತ್ತಿತ್ತು, ನನ್ನ ಗಾಡಿಯಲ್ಲಿ ಹೆಂಡತಿ ಮಾತಾಡುತ್ತಿದ್ದಳು. ಹಾಗಾಗಿ ಒಂದು ಉಪಾಯ ಹೂಡಿದೆ. ಎಡಗಡೆಯ ಸೀಟು ತೆಗೆಸಿ ಅಲ್ಲೊಂದು ದೊಡ್ಡ ಡಬ್ಬಿ ಕೂರಿಸಿಬಿಡುವುದು. ಆಮೇಲೆ, 'ಏನ್ ಮಾಡ್ಲಿ, ಗಾಡ್ಯಾಗ ಜಾಗಿಲ್ಲ' ಎಂದರಾಯಿತು. 'ಬರಬೇಡ' ಎನ್ನುವ ಧೈರ್ಯ ಇಲ್ಲದವನು ಪ್ಲೈವುಡ್ಡಿನ ಮರೆಯಲ್ಲಿ ನಿಂತು ಹೇಳಹೊರಟಿದ್ದೆ.

ಒಬ್ಬನೇ ಹೋದೆ. ಕಾಕಾ ಎಂದಿನಂತೆ ಕೇಳಿದರು: "ಮಾಲಕರ, ಆ ಕಡಿ ಸೀಟಿನ್ಯಾಗ ಯಾರು ಕೂಡತಾರ್ರಿ?"

"ಯಾರೂ ಇಲ್ರಿ."

"ಯಾರೂ?"

"ಯಾರೂ ಇಲ್ರಿ. ತಗದು ಒಗೀರಿ ಅದನ್ನ."

ಕಾಕಾ ಸೀಟಿನ ಮೂಲೆಗೆ ಕೈ ಹಾಕಿ ಒಂದು ಸಣ್ಣ ದಿಂಬು ಎಳೆದರು. ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಹೊಲಿದದ್ದು, ಕಸ್ತೂರಿ ಬೆನ್ನಿಗೆ ಆನಿಸಿಕೊಳ್ಳುವ ದಿಂಬು. ಅದನ್ನು ತಿರುಗಿಸಿ ನೋಡಿದರು. ಧೂಳು ಝಾಡಿಸಿ ಎಲ್ಲಿತ್ತೋ ಅಲ್ಲೇ ಇಟ್ಟರು. ಆಮೇಲೆ ಅವರ ಮಾತಿನಿಂದ 'ರಿ' ಹೋಯಿತು.

"ತಮ್ಮಾ, ನಿನಗ ಡಬ್ಬಿ ಬೇಕಾಗೇತೋ, ಆಕಿ ಬ್ಯಾಡ ಆಗ್ಯಾಳೋ? ಎರಡರಾಗ ಒಂದು ಹೇಳು."

ನಾನು ಗಾಡಿಯ ಬಾಗಿಲು ಮುಚ್ಚಹೋದೆ. ಕಾಕಾ ಅದನ್ನು ತಡೆದು ಹಿಡಿದರು.

"ಡಬ್ಬಿ ಬೇಕಾದ್ರ ಎಲ್ಲೆರ ಜಾಗ ಹುಡುಕತೇನಿ, ನನ್ನ ಕೆಲಸನ ಅದು. ಆಕಿ ಬ್ಯಾಡ ಅನ್ನೂದಕ್ಕ ಮಾತ್ರ ನಾ ಪ್ಲೈವುಡ್ ಕೊಯ್ಯಂಗಿಲ್ಲ. ನಾಳೆ ಕರಕೊಂಡು ಬಾ ಅವರನ್ನ."

ಅಷ್ಟು ನಾಚಿಕೆ ನನಗೆ ಅದಕ್ಕೂ ಮೊದಲು ಆಗಿರಲಿಲ್ಲ. ಬೇರೆ ಅಂಗಡಿಗೆ ಹೋಗಬಹುದಿತ್ತು, ಸಿಂದಗಿಯಲ್ಲಿ ಇನ್ನೂ ಇಬ್ಬರಿದ್ದರು. ಯಾಕೋ ಹೋಗಲಿಲ್ಲ. ಮರುದಿನ ಕಸ್ತೂರಿಗೆ, "ಗಾಡಿ ಕೆಲಸ ಐತಿ, ನೀನೂ ಬರಬೇಕಂತ" ಎಂದಷ್ಟೇ ಹೇಳಿ ಕರೆದೊಯ್ದೆ.

ಕಾಕಾ ಅವಳನ್ನು ಸೀಟಿನಲ್ಲಿ ಕೂರಿಸಿ, "ಯವ್ವಾ, ಕಾಲು ಚಾಚು" ಎಂದರು. ಅವಳು ಸಂಕೋಚದಿಂದ ತುಸು ಚಾಚಿದಳು. "ನಿನ್ನ ಮನ್ಯಾಗ ಚಾಚಿದಂಗ ಚಾಚು." ಪೂರ್ತಿ ಚಾಚುವುದಕ್ಕೆ ಜಾಕು ಅಡ್ಡ ಬಂತು. ಕಾಕಾ ನನ್ನ ಕಡೆ ಒಮ್ಮೆ ನೋಡಿ ಕೆಲಸ ಶುರು ಮಾಡಿದರು. ಅವಳ ಕಾಲ ಬುಡದ ಸಾಮಾನನ್ನೆಲ್ಲ ಹೊರಗೆ ತೆಗೆದರು. ಬಾಡಿಯ ಪಕ್ಕಕ್ಕೆ, ಎಷ್ಟೇ ಲೋಡಿದ್ದರೂ ಹೊರಗಿನಿಂದ ಕೈಗೆ ಸಿಗುವ ಹಾಗೆ, ತಗಡಿನ ಪೆಟ್ಟಿಗೆ ಮಾಡಿಸಿ ಕೀಲಿ ಹಾಕಿ ಜಾಕು, ಪಾನಾ, ಹಗ್ಗ, ತಾಡಪತ್ರಿ ಅದರೊಳಗೆ ಇಟ್ಟರು. ಸೀಟಿನ ಬೆನ್ನು ಹಿಂದಕ್ಕೆ ಓರೆಯಾಗಿರುತ್ತದಲ್ಲ, ಅದರ ಹಿಂದಿನ ಸಂದಿ ಬುಡದಲ್ಲಿ ಅಗಲ, ಮೇಲಕ್ಕೆ ಹೋದಂತೆ ಕಿರಿದು. ಡಬ್ಬಿಯನ್ನೂ ಹಾಗೇ ಓರೆಯಾಗಿ ಕೊಯ್ದು, ಚಪ್ಪಟೆ ಸ್ಪೀಕರ್ ಹಾಕಿ ಸಂದಿಗೆ ಇಳಿಸಿದರು. ಒಂದು ಕೂದಲೆಳೆಯಷ್ಟೂ ಸೀಟು ಮುಂದೆ ಬರಲಿಲ್ಲ. ಊದಬತ್ತಿಯ ಪರೀಕ್ಷೆಯೂ ಆಯಿತು, ಹೊಗೆ ಅಲುಗಲಿಲ್ಲ.

ಯಾವ ಹಾಡು ಹಚ್ಚಲಿ ಎಂದು ನನ್ನನ್ನು ಕೇಳಲಿಲ್ಲ, ಅವಳನ್ನು ಕೇಳಿದರು. ಅವಳು ತತ್ವಪದ ಎಂದಳು. ಹಾಡಿನ ಜತೆಯ ದಮ್ಮಡಿ ವಾದ್ಯದ ಪೆಟ್ಟು ಬೆನ್ನಿಗೆ ಮೆಲ್ಲಗೆ ಬಂದು ತಟ್ಟಿತು. ಕಸ್ತೂರಿ ಎರಡೂ ಕಾಲು ಉದ್ದಕ್ಕೆ ಚಾಚಿಕೊಂಡು ಸೀಟಿಗೆ ಒರಗಿ, "ನನ್ನ ಕಾಲಿಗೆ ಜಾಗ ಮಾಡ್ಸಾಕ ಇಷ್ಟು ದೂರ ಕರಕೊಂಡು ಬಂದ್ರೇನ್ರಿ? ಒಂದು ಮಾತು ಹೇಳಲಿಲ್ಲಲ್ಲ" ಎಂದಳು. ಅವಳ ಕಣ್ಣಿನಲ್ಲಿ ನೀರಿತ್ತು.

ನಾನು 'ಹೂಂ' ಎಂದೆ. ಅದೇ ನನ್ನ ಎರಡನೆಯ ಸುಳ್ಳು, ಮೊದಲಿನದಕ್ಕಿಂತ ಕೆಟ್ಟದ್ದು.

ಗಾಡಿ ತೆಗೆಯುವ ಮುನ್ನ ಕಾಕಾ ನನ್ನನ್ನು ಬೇವಿನ ಗಿಡದ ಆಚೆಗೆ ಕರೆದರು. "ಪುಣ್ಯಾ ಪುಕ್ಕಟೆ ತಗೊಂಡಿ ತಮ್ಮಾ. ನಾ ಅವರಿಗೆ ಹೇಳಂಗಿಲ್ಲ. ನೀನ ಹೇಳಬೇಕು. ನಿನ್ನೆ ಯಾಕ ಒಬ್ಬನ ಬಂದಿದ್ದಿ, ಅಷ್ಟು ಹೇಳಿದ್ರ ಸಾಕು."

ಹೇಳುತ್ತೇನೆ ಎಂದೆ. ಹೇಳಲಿಲ್ಲ. ಹೇಗೆ ಹೇಳಲಿ? ಕಸ್ತೂರಿ ತವರಿಗೆ ಹೋದರೆ, ಬೀಗರ ಮನೆಗೆ ಹೋದರೆ, ತೋಟದವರ ಮುಂದೆ ಕೂತರೆ, ತನ್ನ ಗಂಡ ತನ್ನ ಕಾಲಿಗಾಗಿ ಗಾಡಿಯನ್ನೇ ಬದಲಾಯಿಸಿದ ಎಂದು ಹೇಳಿಕೊಂಡು ತಿರುಗಿದಳು. ನಮ್ಮತ್ತೆ ನನಗೆ ಎರಡು ಹೋಳಿಗೆ ಹೆಚ್ಚಿಗೆ ಬಡಿಸತೊಡಗಿದಳು. ಝಳಕಿಯಲ್ಲಿ ಚೇಷ್ಟೆ ಮಾಡುವವರಿಗೆ ನಾನೇ ಜೋರಾಗಿ ಉತ್ತರ ಕೊಡಲು ಕಲಿತೆ. ಅವಳು ಪಕ್ಕದಲ್ಲಿರುವುದೇ ನನಗೆ ಬಲ ಎಂಬುದು ನಿಧಾನವಾಗಿ ಅರ್ಥವಾಯಿತು. ಅರ್ಥವಾದಷ್ಟೂ ಹೇಳುವುದು ಕಷ್ಟವಾಯಿತು.

ಸಿಂದಗಿಗೆ ಹೋದಾಗಲೆಲ್ಲ ಕಾಕಾನ ಅಂಗಡಿಯ ಮುಂದೆ ಗಾಡಿ ನಿಲ್ಲಿಸುತ್ತಿದ್ದೆವು. ಕಸ್ತೂರಿ ಕೊಟ್ಟ ನಿಂಬೆಹಣ್ಣನ್ನು ಕಾಕಾ ಟೊಪ್ಪಿಗೆಯಲ್ಲಿ ತುಂಬಿಕೊಳ್ಳುವರು. "ಯವ್ವಾ, ಕಾಲು ಹೆಂಗ ಐತಿ?" ಎಂದು ವಿಚಾರಿಸುವರು. ಆಮೇಲೆ ವೈರು ನೋಡುವ ನೆಪದಲ್ಲಿ ನನ್ನ ಕಡೆಯ ಕಿಟಕಿಗೆ ಬಂದು, ಅವಳಿಗೆ ಕೇಳದ ಹಾಗೆ, "ಹೇಳಿದೇನು?" ಎನ್ನುವರು.

"ಇಲ್ರಿ ಕಾಕಾ."

"ಹೇಳು, ಹೇಳು."

ಅದರಲ್ಲಿ ಬೈಗುಳವಿರುತ್ತಿರಲಿಲ್ಲ. ಡಬ್ಬಿಯಲ್ಲಿ ಎಲ್ಲೋ ಗಾಳಿ ಸೋರುತ್ತಿದ್ದರೆ ಎಷ್ಟು ಸಲ ಬೇಕಾದರೂ ಮತ್ತೆ ನೋಡುತ್ತಿದ್ದರಲ್ಲ, ಆ ತಾಳ್ಮೆ ಇರುತ್ತಿತ್ತು. ಆರು ವರ್ಷ ಹೀಗೇ ನಡೆಯಿತು. ಕೊನೆಕೊನೆಗೆ ಉಬ್ಬಸ ಹೆಚ್ಚಾಗಿ, ಮೂರು ಹೆಜ್ಜೆ ನಡೆದು ಕಿಟಕಿಗೆ ಬರುವಷ್ಟರಲ್ಲಿ ಏದುತ್ತಿದ್ದರು. ಆದರೂ ಬರುತ್ತಿದ್ದರು. ಕೊನೆಯ ಸಲ ಮಾತೂ ಆಡಲಿಲ್ಲ, ಹುಬ್ಬು ಏರಿಸಿ ಕೇಳಿದರು. ನಾನು ಇಲ್ಲವೆಂದು ತಲೆಯಾಡಿಸಿದೆ. ಕಿಟಕಿಯ ಮೇಲಿದ್ದ ನನ್ನ ಕೈಯನ್ನು ಒಮ್ಮೆ ತಟ್ಟಿ ಒಳಗೆ ಹೋದರು.

ಹೋದ ಚಳಿಗಾಲದಲ್ಲಿ, ಕಾಕಾ ತೀರಿಕೊಂಡರು ಎಂದು ಟಾಯರ್ ಅಂಗಡಿಯವನ ಫೋನು ಬಂತು. ನಾವು ತಲುಪುವ ಹೊತ್ತಿಗೆ ಮಣ್ಣು ಆಗಿತ್ತು. ಮನೆಯಲ್ಲಿ ಕಾಕಾನ ಹೆಂಡತಿ ಕಸ್ತೂರಿಯ ಕೈ ಹಿಡಿದುಕೊಂಡು, "ನಿಮ್ಮ ಗಾಡಿ ಬಂದು ಹ್ವಾದ ದಿನ ಮನ್ಯಾಗ ನಿಮ್ಮದ ಮಾತು ತಂಗಿ" ಎಂದರು. ಕಸ್ತೂರಿ ಅಳುತ್ತ, "ನಮ್ಮವ್ರು ನನ್ನ ಕಾಲಿನ ತ್ರಾಸ ನೋಡಲಾರದಕ್ಕ ಕಾಕಾರನ್ನ ಹುಡುಕ್ಕೊಂಡು ಬಂದಿದ್ರು ನೋಡ್ರಿ" ಎಂದಳು. ಆ ಹೆಂಗಸು ತಲೆಯೆತ್ತಿ ಒಂದು ಕ್ಷಣ ನನ್ನ ಮುಖ ನೋಡಿದರು. ಅವರಿಗೆ ಎಲ್ಲ ಗೊತ್ತಿತ್ತು ಎಂದು ನನಗನ್ನಿಸಿತು. ಅವರೂ ಗುಟ್ಟು ಬಿಡದೆ ಕಸ್ತೂರಿಯ ಬೆನ್ನು ಸವರಿದರು.

ವಾಪಸು ಬರುವಾಗ ಊರು ದಾಟಿದ ಮೇಲೆ ಗಾಡಿಯನ್ನು ಬದಿಗೆ ಹಾಕಿ ನಿಲ್ಲಿಸಿದೆ. ಸ್ಟೇರಿಂಗ್ ಹಿಡಿದುಕೊಂಡೇ ಎಲ್ಲ ಹೇಳಿದೆ. ಝಳಕಿಯ ಚೇಷ್ಟೆ, ಸೀಟು ತೆಗೆಸಹೊರಟದ್ದು, ಯಾರೂ ಕೂಡುವುದಿಲ್ಲ ಎಂದದ್ದು, ಕಾಕಾ ಗದರಿದ್ದು, ಆಮೇಲೆ ಪ್ರತಿ ಸಲ ಕಿಟಕಿಗೆ ಬಂದು 'ಹೇಳಿದೇನು' ಎಂದು ಕೇಳುತ್ತಿದ್ದದ್ದು, ಒಂದನ್ನೂ ಬಿಡಲಿಲ್ಲ. ಕಸ್ತೂರಿ ಎದುರಿನ ಗಾಜನ್ನೇ ನೋಡುತ್ತ ಕೇಳಿದಳು. ಚಾಚಿದ ಕಾಲನ್ನು ಮೆಲ್ಲಗೆ ಹತ್ತಿರಕ್ಕೆ ಎಳೆದುಕೊಂಡಳು.

"ಆರು ವರ್ಷ ಹೇಳದವ್ರು ಇವತ್ತ ಯಾಕ ಹೇಳಿದ್ರಿ?" ಎಂದಳು.

"ಇನ್ನ ನನ್ನ ಕೇಳವ್ರು ಯಾರೂ ಉಳೀಲಿಲ್ಲ."

ಎರಡು ಲಾರಿ ದಾಟಿ ಹೋದವು. ನನ್ನನ್ನು ಬೈಯುತ್ತಾಳೆ, ಇಳಿದು ಬಸ್ಸಿಗೆ ಹೋಗುತ್ತೇನೆ ಎನ್ನುತ್ತಾಳೆ ಎಂದೆಲ್ಲ ಕಾಯುತ್ತಿದ್ದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಇಷ್ಟೇ ಹೇಳಿದಳು:

"ನನಗ ನಾಳೆ ಹೇಳಿದ್ರೂ ನಡೀತಿತ್ತು. ಅವರು ಇರೂತನಾ ಹೇಳಬೇಕಾಗಿತ್ತು ನೀವು. ಪಾಪ, ನಿಮ್ಮ ಬಾಯಿಂದ ಒಮ್ಮೆರ ಹೂಂ ಅನ್ನಿಸ್ಕೊಂಡು ಹೋಗ್ತಿದ್ರು."