ಕಾಕು ಹಿತ್ತಲಲ್ಲಿ ಬೇಯಿಸಿದ್ದು

ಧಾರವಾಡದಲ್ಲಿ ನಮ್ಮ ಪಕ್ಕದ ಮನೆಯ ಕಾಕು ತತ್ತಿ ಹಾಕಿದ ಕೇಕನ್ನೂ ಮುಟ್ಟಿದವರಲ್ಲ. "ನಾ ತಿನ್ನಲಾರದ್ದನ್ನ ಇನ್ನೊಬ್ಬರಿಗೆ ನೀಡೂದಿಲ್ಲ" ಎಂಬುದು ಅವರು ಬಡಿಸುವಾಗಲೆಲ್ಲ ಹೇಳುವ ಮಾತು.

ಅವರ ನಾಯಿಗೆ ಕ್ಯಾನ್ಸರ್ ಆದಾಗ ದನದ ಡಾಕ್ಟರು, ರೊಟ್ಟಿ ಬಿಡಿಸಿ ಬೇಯಿಸಿದ ಕೋಳಿ ಹಾಕಲು ಹೇಳಿದರು. ಕೋಳಿ ತಂದುಕೊಡುವ ಕೆಲಸ ನನ್ನದಾಯಿತು. ಕಾಕು ಹಿತ್ತಲಲ್ಲಿ ಬೇರೆ ಸ್ಟೋವ್ ಹಚ್ಚಿ, ಮೂಗಿಗೆ ಸೆರಗು ಕಟ್ಟಿಕೊಂಡು ಬೇಯಿಸುತ್ತಿದ್ದರು.

ಒಂದು ದಿನ ನಾಯಿ ಮೂಸಿ ಮುಖ ತಿರುಗಿಸಿತು.

"ಯಾಕಪಾ, ಬೆಂದಿಲ್ಲೇನು?" ಎಂದವರೇ ಕಾಕು ಸೆರಗು ಸರಿಸಿ ಒಂದು ತುಂಡನ್ನು ತಮ್ಮ ಬಾಯಿಗಿಟ್ಟುಕೊಂಡರು.

ಅವರು ನಿಧಾನವಾಗಿ ಅಗಿದು ನುಂಗಿದರು. ಆಮೇಲೆ ನನ್ನತ್ತ ತಿರುಗಿ, "ಭಾಳ ನಾರು ಅದಪಾ. ನಾಳೆ ಎಳೇದು ನೋಡಿ ತಾ" ಎಂದರು.